ಆಳಂದದ ಕುರ್ಚಿ, ಅಫಜಲಪುರದ ಒಪ್ಪಿಗೆ

ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ನಮ್ಮ ಸಂಸ್ಥೆಯ ಹೆಣ್ಣುಮಕ್ಕಳ ಹಾಸ್ಟೆಲ್ ಇವೆ. ಮಿಮಿಕ್ರಿಯ ಚಟದಿಂದ ಆಳಂದದ ಆಫೀಸಿನ ಎಲ್ಲರ ದನಿಯೂ ನನ್ನ ಗಂಟಲಲ್ಲಿದೆ: ಮ್ಯಾನೇಜರ್ ಸಾಹೇಬರ ಕೆಮ್ಮು, ಅಡುಗೆಯವ್ವನ ಗೊಣಗಾಟ, ಬೈಸಿಕೊಳ್ಳುವಾಗ ತೊದಲುವ ನಾನು. ಕಂಪ್ಯೂಟರಿನಲ್ಲಿ ಮಾತ್ರ ನಾನು ಬರೀ ಆಪರೇಟರ್. ಅರ್ಜಿ ತುಂಬಬಹುದು, ನೋಡಬಹುದು. ಒಪ್ಪಿಗೆಯ ಬಟನ್ ಆಯಾ ಹಾಸ್ಟೆಲಿನ ಮ್ಯಾನೇಜರ್ ರೋಲ್, ಅಂದರೆ ಅಧಿಕಾರ, ಇದ್ದವರಿಗಷ್ಟೇ ಕಾಣುತ್ತದೆ.

ಸಾಹೇಬರಿಗೆ ಜೇವರ್ಗಿಗೆ ವರ್ಗವಾಯಿತು. ಹೊರಡುವವರು ಮೊದಲು ಹೊಸಬರಿಗೆ ರೋಲ್ ವಹಿಸಿ, ಆಮೇಲೆ ತಮ್ಮ ಬಿಡುಗಡೆಯ ಬಟನ್ ಒತ್ತಬೇಕು. ರಾಹುಕಾಲ ಹಿಡಿಯುವುದರೊಳಗೆ ಬಿಡುಗಡೆ ಆಗಲೇಬೇಕೆಂದು ಸಾಹೇಬರು ಹಟ ಹಿಡಿದರು. ವಹಿಸುವುದೇನು, ಊಟದ ಮೇಲಾದರೂ ನಡೆದೀತು ಎಂದರು. ಒತ್ತಿಬಿಟ್ಟರು. ಶಾಲು ಹೊದಿಸಿದೆವು, ಹೋಳಿಗೆ ತಿಂದೆವು. ಕೈ ಒರೆಸಿಕೊಂಡು ಬಂದು ನೋಡಿದರೆ ಅವರ ಪರದೆಯಲ್ಲಿ ಆಳಂದದ ಹೆಸರೇ ಇಲ್ಲ, ವಹಿಸುವುದೆಲ್ಲಿಂದ?

ಅವರ ಕುರ್ಚಿಗೆ ಅಫಜಲಪುರದಿಂದ ಮೇಡಂ ಬಂದರು. ಅವರ ರೋಲ್ ಬರಲಿಲ್ಲ, ಅಫಜಲಪುರದಲ್ಲೇ ಉಳಿಯಿತು. ಅದನ್ನು ಬದಲಿಸಬೇಕಾದ ಕಲಬುರಗಿಯ ಹೆಡ್ಡಾಫೀಸಿನವರು ದಿನಾ ನಾಳೆ ಅನ್ನುತ್ತಿದ್ದರು.

ಸೀಟು ಖಾಯಂ ಮಾಡುವ ಕೊನೆಯ ದಿನ ನರೋಣಾದ ಹುಡುಗಿಯೊಬ್ಬಳು ತಾಯಿಯ ಜೊತೆ ಬಂದು ಕುಳಿತಳು. ಐದು ಗಂಟೆಯೊಳಗೆ ಒಪ್ಪಿಗೆ ಬೀಳದಿದ್ದರೆ ಸೀಟು ಬೇರೆಯವರಿಗೆ. ದಿನಾ ಸಂಜೆ ಮಗಳ ಬಸ್ಸಿನ ದಾರಿ ಕಾಯುವುದು ತನ್ನಿಂದಾಗದು, ಹಾಸ್ಟೆಲ್ ಇಲ್ಲದಿದ್ದರೆ ಕಾಲೇಜೂ ಇಲ್ಲ ಎಂದು ತಾಯಿ ಬಾಗಿಲಲ್ಲೇ ಹೇಳಿಬಿಟ್ಟಿದ್ದಳು.

ನಾನು ಗಂಟಲು ಸರಿಮಾಡಿಕೊಂಡು ಹಳೆಯ ಸಾಹೇಬರ ದನಿಯಲ್ಲಿ ಹೆಡ್ಡಾಫೀಸಿಗೆ ಫೋನ್ ಹಚ್ಚಿದೆ. ಮೇಡಂ ರೋಲ್ ಈಗಲೇ ಆಳಂದಕ್ಕೆ ಬದಲಿಸಿ ಎಂದೆ, ಕೆಮ್ಮೂ ಸೇರಿಸಿದೆ. ಆ ಕಡೆಯವನು ಎದ್ದು ನಿಂತಿರಬೇಕು, ಅಷ್ಟು ಮರ್ಯಾದೆ.

"ಸರ್ರ, ನೀವೀಗ ಜೇವರ್ಗಿಯವ್ರು. ಆಳಂದದ್ದು ನಿಮಗ್ಯಾಕ್ರಿ?"

ನನ್ನ ಮಿಮಿಕ್ರಿ ಅಷ್ಟು ಪಕ್ಕಾ ಆಗಿತ್ತು. ಸಾಹೇಬರ ದನಿಯ ಜೊತೆ ಅವರ ಕೈಲಾಗದತನವೂ ನನಗೇ ಬಂತು.

ಅಷ್ಟರಲ್ಲಿ ಮೇಡಂ ಪರದೆಗೆ ಗೊಬ್ಬೂರಿನ ಹುಡುಗಿಯ ಅರ್ಜಿ ಬಂತು, ಅಫಜಲಪುರ ಹಾಸ್ಟೆಲಿನದು. ನಮ್ಮ ಕುರ್ಚಿಯಲ್ಲಿ ಕೂತೇ ಅವರು ಒಪ್ಪಿಗೆ ಒತ್ತಿದರು. ಹಸಿರು ಟಿಕ್ ಬಿತ್ತು. ನರೋಣಾದವಳು ತನ್ನದೇ ಎಂದು ಎದ್ದಳು.

"ನಿಂದಲ್ಲ ತಂಗಿ, ಕುಂದ್ರು," ಎಂದೆ.

"ಅಣ್ಣಾರ, ನಂದು ನಿಮಗ ಕಾಣ್ತದಲ್ರಿ?"

"ಕಾಣ್ತದ."

"ಮತ್ತ ಒತ್ರಿ."

ಯಾರ ದನಿಯಲ್ಲಿ ಉತ್ತರ ಕೊಡಲಿ ಎಂದು ಹುಡುಕಿದೆ, ತೊದಲುವವನದೊಂದೇ ಸಿಕ್ಕಿತು. ಪರದೆಯನ್ನು ಆಕೆಯ ಕಡೆ ತಿರುಗಿಸಿದೆ. ಹೆಸರಿನ ಮುಂದೆ ‘ಬಾಕಿ’ ಎಂದಿತ್ತು. ಬಟನ್ ಇರಬೇಕಾದ ಜಾಗ ಬೆಳ್ಳಗೆ ಖಾಲಿ. ನಾವು ನಾಲ್ವರೂ ಅದನ್ನೇ ನೋಡುತ್ತ ಕುಳಿತೆವು. ಐದಾಯಿತು, ‘ಬಾಕಿ’ ಹೋಗಿ ‘ಅವಧಿ ಮುಗಿದಿದೆ’ ಬಂತು.

ತಾಯಿ ಸೆರಗು ಕೊಡವಿಕೊಂಡು ಎದ್ದಳು. ನರೋಣಾದ ಬಸ್ಸು ಎಷ್ಟೊತ್ತಿಗೆ ಎಂದು ಕೇಳಿದಳು. ಅದಕ್ಕೆ ಯಾವ ರೋಲೂ ಬೇಕಿರಲಿಲ್ಲ. ಹೇಳಿದೆ.