ಮಮದಾಪುರದ ಕೆರೆಗೆ ಬಾರದ ಉಬ್ಬರ

ವಿಜಾಪುರದ ಗೆಳೆಯರೇ, ಇಂದು ಮಧ್ಯಾಹ್ನ ಮಮದಾಪುರದ ಕೆರೆಯಲ್ಲಿ ನಮ್ಮ ಆಯಿಯ, ಅಂದರೆ ಅಜ್ಜಿಯ, ಎಮ್ಮೆ ಅರಬ್ಬೀ ಸಮುದ್ರವನ್ನು ಸೋಲಿಸಿತು.

ಸಮುದ್ರದ ಪರವಾಗಿ ಬಂದವರು ಅಕ್ಕನ ಗಂಡ, ಕಾರವಾರದ ಭಾವ. ದಿನಕ್ಕೆರಡು ಸಲ ಏರಿ ಇಳಿಯುವ ಉಪ್ಪುನೀರಿನ ಕಾಲುವೆಗಳಲ್ಲಿ ಪುಟ್ಟ ದೋಣಿ ಓಡಿಸುತ್ತ ಬೆಳೆದವರು.

"ನನಗಿಂತ ಮೊದಲು ಆಚೆ ದಡ ಮುಟ್ಟು. ದೀಪಾವಳಿಗೆ ನಿನ್ನ ಕರ್ಕೊಂಡು ಹೋಗಿ ನಮ್ಮೂರ ಕಾಲುವೆಯಲ್ಲೆಲ್ಲ ತಿರುಗಾಡಿಸ್ತೆ," ಎಂದರು. ಸಮುದ್ರವನ್ನೇ ಕಾಣದ ನಾನು ತಕ್ಷಣ ಒಪ್ಪಿದೆ.

ಅವರು ಬೆಲ್ಲ ಕಾಯಿಸುವ ಕಡಾಯಿಯಲ್ಲಿ ಕುಳಿತು, ಹಲಗೆಯಿಂದ ಹುಟ್ಟು ಹಾಕುತ್ತ ಹೊರಟರು. ನಾನು ಎಮ್ಮೆಯ ಬೆನ್ನೇರಿದೆ. ಅವರೇ ಬಹಳ ಮುಂದಿದ್ದರು. ಅಷ್ಟರಲ್ಲಿ ಕಡಾಯಿ ಜೊಂಡಿನ ನಡುವೆ ಕೆಸರಿನಲ್ಲಿ ಕೂತುಬಿಟ್ಟಿತು. ಭಾವ ಗಾಬರಿಯಾಗದೆ ತಮ್ಮೂರಿನ ರೂಢಿಯಂತೆ ಕೈಕಟ್ಟಿ ಕುಳಿತರು.

"ಈಗ ಇಳಿತ ಮಾರಾಯಾ. ಉಬ್ಬರ ಬಂದ್ರೆ ತಾನೇ ತೇಲ್ತದೆ."

"ಹೌದ್ರಿ ಭಾವಾರ, ಏಳಬ್ಯಾಡ್ರಿ. ಉಬ್ಬರಕ್ಕ ಸಿಟ್ಟು ಬಂದೀತು," ಎಂದು ಭಕ್ತಿಯಿಂದ ಕೈಮುಗಿದು ಮುಂದೆ ಸಾಗಿ ದಡ ಮುಟ್ಟಿದೆ.

ಅಲ್ಲಿ ನಿಂತಿದ್ದ ಆಯಿ ಕೇಳಿದಳು, "ಅಳಿಯಾರು ಯಾಕ ಅಲ್ಲೇ ಕುಂತಾರ ಲೇ?"

"ಕೆರ್ಯಾಗ ನೀರು ಏರ್ಲಿ ಅಂತ ಕಾಯಾಕತ್ತಾರ, ಆಯಿ."

"ಯಪ್ಪಾ! ಹಂಗಾರ ಮುಂದಿನ ಮಳಿಗಾಲದ ತನಕ ಅವರಿಗೆ ಬುತ್ತಿ ಒಯ್ಯೋರು ಯಾರು?"

ಇದನ್ನು ಕೇಳಿಸಿಕೊಂಡ ಭಾವ ಮೊಳಕಾಲುದ್ದ ಕೆಸರಿಗಿಳಿದು, ನಡೆದೇ ಬಂದು ಸೋಲೊಪ್ಪಿದರು. ದೀಪಾವಳಿಗೆ ನಾನು ಕಾರವಾರಕ್ಕೆ ಹೋಗುವುದು ಖಚಿತ. ಗೆದ್ದ ಎಮ್ಮೆಗೂ ಬಸ್ಸಿನಲ್ಲಿ ಒಂದು ಜಾಗ ಹಿಡಿಯಬೇಕೆಂದು ವಿನಂತಿಸಿಕೊಂಡಿದ್ದೇನೆ. ಭಾವ ಇನ್ನೂ ಕಾಲು ತೊಳೆಯುತ್ತಿದ್ದಾರೆ.