ಎರಡನೆಯ ಒತ್ತು

ಷೇರು ದಲ್ಲಾಳಿ ಕಚೇರಿಯಲ್ಲಿ ಎಲ್ಲರೂ ಅವಳನ್ನು ಟಕಟಕ ಅಕ್ಕ ಎಂದೇ ಕರೆಯುತ್ತಿದ್ದರು. ಗಿರಾಕಿಗಳು ಫೋನಿನಲ್ಲಿ ಹೇಳಿದ ಕೊಳ್ಳುವ, ಮಾರುವ ಆರ್ಡರುಗಳನ್ನು ಇಪ್ಪತ್ತಾರು ವರ್ಷ ಒತ್ತಿ ಒತ್ತಿ ಅವಳ ಬೆರಳಿಗೆ ಅಂಥ ವೇಗ ಬಂದಿತ್ತು. ಬಾಯಿಯೂ ಬೆರಳಿಗೇನೂ ಕಡಿಮೆ ಇರಲಿಲ್ಲ.

ಬೆಳಿಗ್ಗೆ ಮಾರುಕಟ್ಟೆ ತೆರೆದ ಕೂಡಲೇ ಎಲ್ಲರೂ ಒಟ್ಟಿಗೆ ಮುಗಿಬೀಳುತ್ತಾರೆ, ಪರದೆ ಮರಗಟ್ಟಿ ನಿಲ್ಲುತ್ತದೆ. ನಿಂತದ್ದನ್ನು ಕಂಡವರು ಸುಮ್ಮನಿರುತ್ತಾರೆಯೇ? ಮತ್ತೆ ಒತ್ತುತ್ತಾರೆ. ಒಂದು ಹೋಗಬೇಕಾದಲ್ಲಿ ಎರಡು ಆರ್ಡರ್ ಹೋಗಿ ಲೈನು ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಅಕ್ಕ ಮಗಳ ಪಕ್ಕ ಕೂತು ಪ್ರೋಗ್ರಾಮಿಂಗ್ ಕಲಿತು, ಎರಡು ವರ್ಷ ಒದ್ದಾಡಿ, ಮನೆಯಲ್ಲೇ ಒಂದು ಸಾಫ್ಟ್‌ವೇರ್ ಬರೆದಳು. ಮೊದಲ ಒತ್ತಿಗೆ ಉತ್ತರ ಬರುವ ತನಕ ಅದು ಎರಡನೆಯದನ್ನು ತನ್ನಲ್ಲೇ ಹಿಡಿದಿಟ್ಟುಕೊಂಡು, ಆಮೇಲೆ “ಇದೂ ಬೇಕೇ?” ಎಂದು ಕೇಳುತ್ತದೆ. ಯಜಮಾನರು ಒಂದು ವಾರ ಓಡಿಸಿ ನೋಡಿ ತಲೆದೂಗಿದರು.

“ಆದ್ರೆ ಪೇಟೆಂಟು ಗೀಟೆಂಟು ಅಂತ ಕನಸು ಕಾಣ್ಬೇಡ ಕಣಮ್ಮ,” ಅಂದರು.

ಅಷ್ಟು ಸಾಕಾಯಿತು. ಬೇಡ ಅಂದದ್ದನ್ನು ಮಾಡದೆ ಬಿಡುವ ಜಾಯಮಾನ ಅವಳದಲ್ಲ. ಯಾರನ್ನೂ ಕೇಳದೆ ತಾನೇ ಕೂತು ಮೂವತ್ತು ಪುಟದ ಅರ್ಜಿ ಬರೆದಳು. ಗಿರಾಕಿಗೆ ಲಾಭ, ದಲ್ಲಾಳಿಗೆ ಲಾಭ, ಮಾರುಕಟ್ಟೆಗೇ ಲಾಭ! ಒಂದು ವರ್ಷದ ಮೇಲೆ ಪೇಟೆಂಟ್ ಕಚೇರಿಯ ಉತ್ತರ ಬಂತು: ಇದು ವ್ಯಾಪಾರದ ವಿಧಾನ, ತಾಂತ್ರಿಕ ಆವಿಷ್ಕಾರವಲ್ಲ, ಪೇಟೆಂಟ್ ಸಲ್ಲದು, ಹೇಳುವುದಿದ್ದರೆ ವಿಚಾರಣೆಗೆ ಬನ್ನಿ.

ಅವಳ ತಂಗಿಯ ಮಗಳು ಪೇಟೆಂಟ್ ಏಜೆಂಟ್. ಅರ್ಜಿ ಓದಿ ಹಣೆ ಚಚ್ಚಿಕೊಂಡಳು.

“ಲಾಭ ಲಾಭ ಅಂತ ಬರ್ದು ನೀವೇ ಕೆಡಿಸ್ಕೊಂಡ್ರಲ್ಲ ದೊಡ್ಡಮ್ಮ! ಯಂತ್ರಕ್ಕೆ ಏನು ಒಳ್ಳೇದಾಯ್ತು ಅಂತ ಒಂದು ಸಾಲಾದ್ರೂ ಬೇಕಿತ್ತು.”

“ಅದಕ್ಕೇನೀಗ, ಸೇರಿಸಿದ್ರಾಯ್ತು.”

“ಸೇರಿಸೋ ಹಾಗಿಲ್ಲ. ಒಂದ್ಸಲ ಕೊಟ್ಟ ಮೇಲೆ ಹೊಸ ವಿಷಯ ತರಕ್ಕೆ ಬಿಡಲ್ಲ. ಇರೋದರಲ್ಲೇ ಹುಡುಕ್ಬೇಕು.”

ಅರ್ಜಿ ಆಗಲೇ ಯಾರು ಬೇಕಾದರೂ ಓದುವಂತೆ ಪ್ರಕಟವಾಗಿತ್ತು. ಸೋತರೆ ಎರಡು ವರ್ಷದ ಬೆವರು ದಾರಿಹೋಕರ ಪಾಲು. ಇಬ್ಬರೂ ಊಟದ ಮೇಜಿನ ಮೇಲೆ ಪುಟಗಳನ್ನು ಹರಡಿಕೊಂಡು ಜಾಲಾಡಿದರು. ಇಪ್ಪತ್ತೆರಡನೆಯ ಪುಟದಲ್ಲಿ ಹುಡುಗಿ ಕಿಟ್ಟನೆ ಕಿರುಚಿದಳು. ಕಚೇರಿಯ ಕಂಪ್ಯೂಟರ್ ರಿಪೇರಿಯವನನ್ನು ಗೇಲಿ ಮಾಡಲೆಂದೇ ಅಕ್ಕ ಬರೆದ ಸಾಲು ಅಲ್ಲಿತ್ತು: “ಆ ವಾರ ಲೈನಿನ ಮೇಲಿನ ಹೊರೆ ಅರ್ಧಕ್ಕರ್ಧ ಇಳಿದು, ಪರದೆ ಒಮ್ಮೆಯೂ ನಿಲ್ಲದೆ, ನಮ್ಮ ರಿಪೇರಿ ಮಹಾಶಯರು ನೊಣ ಹೊಡೆಯುತ್ತಾ ಕೂತಿದ್ದರು.”

“ನಿಮ್ಮ ಬಾಯಿ ನಿಮ್ಮನ್ನ ಉಳಿಸ್ತು ದೊಡ್ಡಮ್ಮ!”

ವಿಚಾರಣೆಯಲ್ಲಿ ಅಧಿಕಾರಿ ಆ ಸಾಲನ್ನು ಎರಡು ಸಲ ಓದಿದರು. ತುಟಿ ಬಿಗಿಹಿಡಿದರೂ ನಗು ಕಣ್ಣಿಗೆ ಬಂದೇಬಿಟ್ಟಿತು.

“ಷೇರು ಬಿಟ್ಟು ಬೇರೆ ಕಡೆಯೂ ಇದು ನಡೆಯುತ್ತಾ ಅಮ್ಮಾ?”

ಹೆಚ್ಚು ಮಾತಾಡಬೇಡಿ ಎಂದು ಹುಡುಗಿ ಮೇಜಿನ ಕೆಳಗೆ ಕಾಲು ತುಳಿದಳು. ಅಕ್ಕ ಕಾಲು ಎಳೆದುಕೊಂಡಳು.

“ಷೇರೋ ಟಿಕೆಟ್ಟೋ, ಯಂತ್ರಕ್ಕೇನು ಗೊತ್ತು ಸಾರ್? ಹೇಳಿದ್ದನ್ನೇ ಹೇಳ್ತಾ ಹೋದ್ರೆ ಅದಕ್ಕೂ ಉಸಿರು ಕಟ್ಟುತ್ತೆ. ನಾನು ಅದನ್ನ ತಪ್ಪಿಸಿದ್ದೀನಿ, ಅಷ್ಟೆ.”

“ಹಾಗಾದ್ರೆ ನೀವು ಹಕ್ಕು ಕೇಳಿ ಬರೆದ ಸಾಲುಗಳಿಂದ ಲಾಭದ ಮಾತೆಲ್ಲ ತೆಗೀರಿ. ಯಂತ್ರ ಏನು ಮಾಡುತ್ತೋ ಅದಷ್ಟೇ ಇರಲಿ. ನೋಡೋಣ.”

ಅಷ್ಟು ಮುದ್ದಿನಿಂದ ಬರೆದ ಸಾಲುಗಳನ್ನು ಹೊಡೆದುಹಾಕುವ ಮುಂಚೆ ಅಕ್ಕ ಒಂದೊಂದನ್ನೂ ಇನ್ನೊಮ್ಮೆ ಓದಿಕೊಂಡಳು. ಆದರೂ ಹೊಡೆದಳು.

ಮೂರು ತಿಂಗಳ ಮೇಲೆ, ಮಾರುಕಟ್ಟೆ ತೆರೆದ ಗದ್ದಲದಲ್ಲೇ ಫೋನ್ ಬಂತು. “ಸಿಕ್ತು ದೊಡ್ಡಮ್ಮ!” ಅಕ್ಕ ಎರಡೂ ಕೈಗಳನ್ನು ಕೀಲಿಮಣೆಯಿಂದ ಎತ್ತಿ ಸುಮ್ಮನೆ ಕೂತುಬಿಟ್ಟಳು. ಗಿರಾಕಿಗಳ ಫೋನುಗಳು ಬಡಿದುಕೊಳ್ಳತೊಡಗಿದವು. ಯಜಮಾನರು ತಮ್ಮ ಕೋಣೆಯಿಂದ ಓಡಿಬಂದರು.

“ಏನಾಯ್ತು? ಕೈ ಯಾಕೆ ನಿಲ್ಸಿದೆ?”

“ಪೇಟೆಂಟ್ ಸಿಕ್ತು ಸಾರ್. ಐದು ನಿಮಿಷ ಬಿಡಿ. ನಗ್ಬೇಕು, ಅಳ್ಬೇಕು, ಎರಡೂ ಇದೆ.”

ಯಜಮಾನರು ಬಡಿದುಕೊಳ್ಳುತ್ತಿದ್ದ ಫೋನುಗಳತ್ತ ನೋಡಿದರು. ಆಮೇಲೆ ಅಂಗಿಯ ತೋಳು ಮಡಿಸಿಕೊಂಡರು.

“ಏಳಿ ಅಕ್ಕಾ, ನಾನು ಕೂರ್ತೀನಿ.”

ಅವಳ ಕುರ್ಚಿಯಲ್ಲಿ ಕೂತು, ಒಂದೇ ಬೆರಳಲ್ಲಿ ಅಕ್ಷರ ಹುಡುಕಿ ಹುಡುಕಿ, ಯಜಮಾನರು ಗಿರಾಕಿಗಳ ಆರ್ಡರ್ ಒತ್ತತೊಡಗಿದರು.