ಸ್ಪ್ರಿಂಕ್ಲರಿಗೆ ಚಳಿಗಾಲ

ನಮ್ಮನೆಯವರು ಬ್ಯಾಂಕಿನಿಂದ ನಿವೃತ್ತರಾದ ವರ್ಷ ಮನೆ ಮುಂದಿನ ಹುಲ್ಲುಹಾಸಿಗೆ ಸ್ಪ್ರಿಂಕ್ಲರ್ ಹಾಕಿಸಿದರು. ಹುಲ್ಲುಹಾಸು ಎಂದರೆ ನಾಲ್ಕು ಚಾಪೆ ಬಿಡಿಸುವಷ್ಟು ಜಾಗ, ಅಂಚಿಗೆ ಒಂದಿಷ್ಟು ಗುಲಾಬಿ, ದಾಸವಾಳ. ನಲ್ಲಿ ತಿರುಗಿಸಿದರೆ ಹುಲ್ಲಿನೊಳಗಿಂದ ಪುಟ್ಟ ಪುಟ್ಟ ತಲೆಗಳು ಮೇಲೆದ್ದು ತುಂತುರು ಚಿಮ್ಮುತ್ತಿದ್ದವು. ಅದರ ಜೊತೆ ಬಂದಿದ್ದ ಪರದೇಶದ ಕೈಪಿಡಿಯನ್ನು ಅವರು ದಿನಾ ಪಾರಾಯಣ ಮಾಡುತ್ತಿದ್ದರು. ಡಿಸೆಂಬರಿನಲ್ಲಿ ಪಾರಾಯಣ ಚಳಿಗಾಲದ ಅಧ್ಯಾಯಕ್ಕೆ ಬಂತು.

"ಪೈಪಲ್ಲಿರೋ ನೀರೆಲ್ಲ ಖಾಲಿ ಮಾಡ್ಬೇಕು. ಇಲ್ದಿದ್ರೆ ಮಂಜುಗಡ್ಡೆ ಆಗಿ ಪೈಪ್ ಸೀಳತ್ತೆ" ಎಂದರು.

"ನಮ್ಮ ಬನಶಂಕರಿಯಲ್ಲಿ ಮಂಜುಗಡ್ಡೆನಾ?"

"ಇದು ಬನಶಂಕರಿ ಅಂತ ಪೈಪಿಗೇನು ಗೊತ್ತು?"

ನಾನು ವಾದಿಸಲಿಲ್ಲ. ಆದರೆ ಒಂದು ಮಾತು ಹೇಳಿದೆ. ಗಿಡಗಳಿಗೆಂದು ವಾರದಿಂದ ಕೊಳೆಹಾಕಿದ್ದ ಕಡಲೆಕಾಯಿ ಹಿಂಡಿಯ ನೀರನ್ನು ಹಿಂದಿನ ದಿನವಷ್ಟೇ ಸೋಸಿ ಆ ಪೈಪಿಗೆ ಬಿಟ್ಟಿದ್ದೆ. ಅದು ಇನ್ನೂ ಒಳಗೇ ಇದೆ ಎಂದೆ. ಅವರು ಕೈಪಿಡಿಯಿಂದ ಕಣ್ಣೆತ್ತದೆ "ಹ್ಞೂಂ" ಎಂದರು.

ಪೈಪಿನೊಳಗೆ ಗಾಳಿ ಊದಿ ನೀರು ಹೊರದೂಡಬೇಕೆಂದು ಕೈಪಿಡಿಯಲ್ಲಿತ್ತು. ಹಾಗಾಗಿ ಮುಖ್ಯರಸ್ತೆಯ ಪಂಕ್ಚರ್ ಅಂಗಡಿಯವನು ತನ್ನ ಗಾಳಿ ಯಂತ್ರವನ್ನು ಆಟೋದಲ್ಲಿ ಹೇರಿಕೊಂಡು ಬಂದ. ಬಂದವನು ಮನೆಯ ಸುತ್ತ ಕಣ್ಣಾಡಿಸಿ, "ಗಾಡಿ ಎಲ್ಲಿ ಸಾರ್?" ಎಂದ. ಇವರು ಹುಲ್ಲು ತೋರಿಸಿದರು. ಅವನಿಗೂ ಇಂಥದ್ದು ಹೊಸತು, ಹಾಗಾಗಿ ಹುರುಪು ಬಂತು.

"ಎಷ್ಟು ಬಿಡ್ಲಿ ಸಾರ್? ಕಾರಿನಷ್ಟಾ, ಲಾರಿಯಷ್ಟಾ?"

ಇವರು ಕ್ಷಣ ಯೋಚಿಸಿ, "ಲಾರಿಯಷ್ಟೇ ಇರಲಿ. ಒಂದೇ ಸಲಕ್ಕೆ ಆಗ್ಲಿ" ಎಂದರು.

ನೆಲದಡಿ ಮೊದಲು ಯಾರೋ ಗಂಟಲು ಸರಿಮಾಡಿಕೊಂಡಂತೆ ಸದ್ದಾಯಿತು. ಆಮೇಲೆ ತಲೆಗಳೆಲ್ಲ ಒಮ್ಮೆಲೇ ಎದ್ದು ಕಂದು ನೀರನ್ನು ಉಗುಳತೊಡಗಿದವು. ಮೂಲೆಯಲ್ಲಿದ್ದದ್ದು ಎಲ್ಲಕ್ಕಿಂತ ಎತ್ತರಕ್ಕೆ ಉಗುಳಿ ಕಾಂಪೌಂಡು ಗೋಡೆ ದಾಟಿಸಿತು. ಹಿಂಡಿಯ ವಾಸನೆ ಬಲ್ಲವರಿಗೆ ಮುಂದಿನದನ್ನು ಹೇಳಬೇಕಿಲ್ಲ. ಅರಿಯದವರು ಪುಣ್ಯವಂತರು.

ಗೋಡೆಯಾಚೆ ಪಕ್ಕದ ಮನೆಯ ಅಜ್ಜಿ, ಸ್ವೆಟರು, ಕಾಲುಚೀಲ, ಮಂಕಿ ಕ್ಯಾಪಿನ ಸಮೇತ ಬಿಸಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿತಕಿ ಸಿಪ್ಪೆ ಬಿಡಿಸುತ್ತಿದ್ದರು. ಮಡಿಲಲ್ಲಿದ್ದ ಮೊರದ ತುಂಬ ಬೇಳೆ. ನಾನು ಓಡಿಹೋಗಿ ಗೋಡೆಯ ಮೇಲಿಂದ ಇಣುಕಿದಾಗ ಅವರು ಕದಲದೆ ಕೂತು ಮೊರವನ್ನೇ ನೋಡುತ್ತಿದ್ದರು. ಟೋಪಿಯ ತುದಿಯಿಂದ ಹನಿಯೊಂದು ತೊಟ್ಟಿಕ್ಕಿತು.

"ಮೋರಿ ಏನಾದ್ರೂ ಒಡೀತೇನಮ್ಮಾ?"

"ಇಲ್ಲ ಅಜ್ಜಿ. ಹಿಂಡಿ ನೀರು."

"ಗಿಡಕ್ಕೆ ಒಳ್ಳೇದು" ಎಂದರು ಅಜ್ಜಿ. ಆಮೇಲೆ ನನ್ನ ಹಿಂದೆ ನಿಂತಿದ್ದ ಇವರನ್ನು ನೋಡಿ, "ಸಂಜೆ ಮಗಳು ಅಳಿಯ ಊಟಕ್ಕೆ ಬರೋರಿದ್ರು, ನಾಳೆ ಬನ್ನಿ ಅಂತೀನಿ. ಸಾರು ನಾಳೆಗೆ ಮಾಡ್ತೀನಿ. ಬೇಳೆ ನೀವು ಹಿತಕಿ ಕೊಡಿ" ಎಂದರು.

ಪಂಕ್ಚರ್ ಅಂಗಡಿಯವನು ಮೂಗಿಗೆ ಕರ್ಚೀಫು ಕಟ್ಟಿಕೊಂಡು ಯಂತ್ರದ ಸಮೇತ ಬೇಗನೆ ಹೊರಟುಹೋದ. ಇವರು ಜಯನಗರಕ್ಕೆ ಹೋಗಿ ಸೊಗಡಿನ ಅವರೆಕಾಯಿ ತಂದರು, ಸುಲಿದರು, ರಾತ್ರಿ ನೆನೆಹಾಕಿದರು. ಮರುದಿನ ಬೆಳಿಗ್ಗೆ ಅಜ್ಜಿಯ ಜಗಲಿಯ ಮೇಲೆ ಕೂತು ಹಿತಕತೊಡಗಿದರು. ಮೊದಮೊದಲು ಬೇಳೆ ಬೆರಳಿಂದ ಚಿಮ್ಮಿ ಬೀದಿಗೆ ಬೀಳುತ್ತಿತ್ತು. "ಮೆತ್ತಗೆ, ಮೆತ್ತಗೆ. ಲಾರಿ ಟೈರಲ್ಲ ಅದು" ಎಂದರು ಅಜ್ಜಿ. ಇಡೀ ಮಾತುಕತೆ ಗೋಡೆಯಾಚೆ ಅವರ ಕಿವಿಗೆ ಬಿದ್ದಿತ್ತು ಎಂದು ಆಗ ತಿಳಿಯಿತು. ಮಧ್ಯಾಹ್ನದ ಹೊತ್ತಿಗೆ ಇವರ ಕೈ ಕುದುರಿತ್ತು. ಅಜ್ಜಿಯ ಸಾರೂ ಒಂದು ಬಟ್ಟಲು ನಮ್ಮ ಮನೆಗೆ ಬಂತು.

ಆದರೆ ಪೈಪಿನ ವಿಷಯದಲ್ಲಿ ಇವರು ಜಗ್ಗಲಿಲ್ಲ. ಕೊನೆಯ ಹಿಮ ಕಳೆಯುವವರೆಗೆ ನೀರು ಬಿಡುವಂತಿಲ್ಲ ಎಂದರು. ಅದು ಯಾವಾಗ ಎಂದು ಅಜ್ಜಿಯನ್ನೇ ಕೇಳಿದರು.

"ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಹೋಗತ್ತೆ."

ಇವರು ಗಂಭೀರವಾಗಿ ತಲೆಯಾಡಿಸಿದರು. ನಮ್ಮೂರಿನ ಚಳಿಗಾಲದಲ್ಲಿ ಹಿಮವೂ ಇಲ್ಲ, ಮಳೆಯೂ ಇಲ್ಲ. ಹುಲ್ಲು ಒಣಗಿ ತೆಂಗಿನ ನಾರಿನಂತಾಯಿತು. ನಾನು ಬಕೆಟ್ಟಿನಲ್ಲಿ ನೀರು ಹೊತ್ತು ಹೊತ್ತು ಸೊಂಟ ಹಿಡಿಸಿಕೊಂಡೆ. ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಅವರು ವಾಕಿಂಗಿಗೆ ಹೋದದ್ದನ್ನು ನೋಡಿಕೊಂಡು ನಲ್ಲಿ ತಿರುಗಿಸಿಯೇಬಿಟ್ಟೆ. ತಿಳಿನೀರು ಎಂದಿನಂತೆ ಚಿಮ್ಮಿತು. ಗುಲಾಬಿಯ ಎಲೆಗಳ ಧೂಳು ಇಳಿಯುವುದನ್ನು ನೋಡುತ್ತ ನಿಂತಿದ್ದಾಗಲೇ ಗೇಟು ಕಿರುಗುಟ್ಟಿತು.

ಅವರು ಬೈಯಲಿಲ್ಲ. ಸೊಂಟದ ಮೇಲೆ ಕೈಯಿಟ್ಟುಕೊಂಡು, ತುಂತುರಿನ ತಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಮುಖ ಅರಳಿತು.

"ನೋಡಿದ್ಯಾ? ಎಲ್ಲೂ ಸೀಳಿಲ್ಲ. ಮುಂಚೇನೇ ಖಾಲಿ ಮಾಡಿದ್ದಕ್ಕೆ."